ನೋವು ಹೇಳದ ಹೃದಯ: ಕಸಿಯ ನಂತರ ರಕ್ತದೊತ್ತಡ ಮತ್ತು ರಕ್ತನಾಳಗಳ ರಕ್ಷಣೆ



ಬಸವಾದಿ ಶರಣರ ದಾರಿಯಲ್ಲಿ ದೇಹವನ್ನು ತುಚ್ಛವೆಂದು ತಳ್ಳುವ ಮಾತಿಲ್ಲ. ಇಷ್ಟಲಿಂಗ ಪೂಜೆಗೂ ಕಾಯಕಕ್ಕೂ ದಾಸೋಹಕ್ಕೂ ಈ ಕಾಯವೇ ಆಧಾರ. ಲಿಂಗಾರ್ಪಿತವಾಗಿ ದೊರೆತದ್ದನ್ನು ಪ್ರಸಾದವೆಂದು ಸ್ವೀಕರಿಸಿ, ಆ ಪ್ರಸಾದದಿಂದ ಬೆಳೆದ ಶರೀರವನ್ನು ಪ್ರಸಾದಕಾಯವೆಂದು ಭಾವಿಸುವುದು ನಮ್ಮ ಸಂಪ್ರದಾಯ. ಪ್ರಸಾದವನ್ನು ಚೆಲ್ಲಬಾರದೆಂಬುದು ದಾಸೋಹದ ಪಂಕ್ತಿಯಲ್ಲಿ ಕುಳಿತ ಎಳೆಯ ಮಗುವಿಗೂ ತಿಳಿದಿರುತ್ತದೆ. ಅಪರಿಚಿತ ಕುಟುಂಬವೊಂದು ತನ್ನ ತೀರದ ದುಃಖದ ನಡುವೆಯೂ ಕೊಟ್ಟ ಹೃದಯವನ್ನು ಪಡೆದು ಬದುಕುತ್ತಿರುವವರಿಗೆ ಈ ಎಚ್ಚರವು ಮತ್ತಷ್ಟು ಅಗತ್ಯ.

ಹೃದಯ ಕಸಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಆಂಬ್ಯುಲೆನ್ಸ್‌ನ ಓಟ, ಪೊಲೀಸರು ತೆರವುಗೊಳಿಸಿದ ಹಸಿರು ಪಥ, ಹಲವು ಗಂಟೆಗಳ ಶಸ್ತ್ರಚಿಕಿತ್ಸೆ. ಪತ್ರಿಕೆಗಳಲ್ಲಿ ಸುದ್ದಿಯಾಗುವುದೂ ಅಷ್ಟೇ. ರೋಗಿಯು ಮನೆಗೆ ಮರಳಿದ ಮೇಲಿನ ವರ್ಷಗಳ ವೃತ್ತಾಂತವನ್ನು ಯಾರೂ ಬರೆಯುವುದಿಲ್ಲ. ಆದರೆ ಕೊಟ್ಟ ಹೃದಯವು ಎಷ್ಟು ಕಾಲ ಬಾಳುತ್ತದೆಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಆ ವರ್ಷಗಳಲ್ಲಿಯೇ. ಆಗ ಎರಡು ಸಂಗತಿಗಳು ಸದ್ದಿಲ್ಲದೆ ತಮ್ಮ ಕೆಲಸ ಮಾಡುತ್ತವೆ: ಒಂದು, ಏರುತ್ತ ಹೋಗುವ ರಕ್ತದೊತ್ತಡ, ಇನ್ನೊಂದು, ಕಿರಿದಾಗುತ್ತ ಹೋಗುವ ರಕ್ತನಾಳ. ಈ ಸಂಚಿಕೆಯಲ್ಲಿ ಈ ಎರಡನ್ನೂ ಕುರಿತು ವಿಚಾರ ಮಾಡೋಣ.

ಉತ್ತರ ಕರ್ನಾಟಕದಿಂದಲೂ ಮಧ್ಯ ಕರ್ನಾಟಕದಿಂದಲೂ ಉದ್ಯೋಗ ಅರಸಿ ಹೊರಟ ಎಷ್ಟೋ ಕುಟುಂಬಗಳು ಇಂದು ಬೆಂಗಳೂರಿನ ಮಾರತ್ತಹಳ್ಳಿ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ನೆಲೆಸಿವೆ. ಮಕ್ಕಳ ಮನೆಗೆ ಬಂದು ಉಳಿದ ಹಿರಿಯರೂ ಅಲ್ಲಿದ್ದಾರೆ. ಹೃದಯ ಕಸಿಯ ಸೌಲಭ್ಯವುಳ್ಳ ಆಸ್ಪತ್ರೆಗಳೂ ಈ ನಗರದಲ್ಲಿವೆ. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೊಮ್ಮಸಂದ್ರದ ನಾರಾಯಣ ಹೃದಯಾಲಯ ಅವುಗಳಲ್ಲೊಂದು. 2025ರ ಆಗಸ್ಟ್ 1ರ ರಾತ್ರಿ, ಮಾರತ್ತಹಳ್ಳಿಗೆ ನೆರೆಯ ವೈಟ್‌ಫೀಲ್ಡಿನ ವೈದೇಹಿ ಆಸ್ಪತ್ರೆಯಿಂದ ರಾಜರಾಜೇಶ್ವರಿನಗರದ ಸ್ಪರ್ಶ್ ಆಸ್ಪತ್ರೆಗೆ ದಾನಿಯ ಯಕೃತ್ತನ್ನು ನಮ್ಮ ಮೆಟ್ರೋ ರೈಲಿನಲ್ಲಿ ಸಾಗಿಸಿದ್ದನ್ನು ಓದುಗರು ಕೇಳಿರಬಹುದು. ದೇಹದಿಂದ ಹೊರತೆಗೆದ ಹೃದಯಕ್ಕೆ ಯಕೃತ್ತಿಗಿಂತಲೂ ಕಡಿಮೆ ಅವಧಿ. ಸಾಮಾನ್ಯವಾಗಿ 4 ಗಂಟೆಗಳೊಳಗೆ ಅದು ಮತ್ತೊಬ್ಬರ ಎದೆಯಲ್ಲಿ ಮಿಡಿಯಬೇಕು. ಇಷ್ಟು ಜನರ ಶ್ರಮದಿಂದ ಬಂದ ಅಂಗವನ್ನು ಮುಂದೆ ಕಾಪಾಡಿಕೊಳ್ಳುವ ಹೊಣೆ ಪಡೆದವರ ಮೇಲೂ ಅವರ ಮನೆಯವರ ಮೇಲೂ ಇರುತ್ತದೆ.

ಹಳೆಯ ಪಾಠವೊಂದು

ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ನಡೆದದ್ದು 1967ರ ಡಿಸೆಂಬರ್ 3ರಂದು, ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ. ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಅವರಿಂದ ಹೊಸ ಹೃದಯ ಪಡೆದ ಲೂಯಿ ವಾಷ್‌ಕಾನ್ಸ್ಕಿ 18 ದಿನ ಬದುಕಿ ನ್ಯುಮೋನಿಯಾದಿಂದ ತೀರಿಕೊಂಡರು. ಮರುತಿಂಗಳು, 1968ರ ಜನವರಿ 2ರಂದು, ಅದೇ ವೈದ್ಯರು ಫಿಲಿಪ್ ಬ್ಲೈಬರ್ಗ್ ಎಂಬ ದಂತವೈದ್ಯರಿಗೆ 24 ವರ್ಷದ ತರುಣನೊಬ್ಬನ ಹೃದಯವನ್ನು ಜೋಡಿಸಿದರು. ಬ್ಲೈಬರ್ಗ್ 19 ತಿಂಗಳು ಬದುಕಿದರು. ಕಸಿಯ ನಂತರವೂ ಸಹಜ ಜೀವನ ಸಾಧ್ಯವೆಂದು ಜಗತ್ತು ನಂಬಿದ್ದು ಅವರಿಂದ. ಆದರೆ ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದು ವೈದ್ಯಲೋಕವನ್ನು ಬೆಚ್ಚಿಬೀಳಿಸಿತು. ತರುಣನ ಆ ಹೃದಯಕ್ಕೆ ರಕ್ತ ಒಯ್ಯುವ ಅಪಧಮನಿಗಳು ಎರಡು ವರ್ಷ ತುಂಬುವ ಮೊದಲೇ ವೃದ್ಧರ ರಕ್ತನಾಳಗಳಂತೆ ತೀವ್ರವಾಗಿ ಕಟ್ಟಿಕೊಂಡಿದ್ದವು.

ಅಂದು ಕಂಡ ಆ ಸಮಸ್ಯೆ ಇಂದಿಗೂ ಪೂರ್ತಿ ನೀಗಿಲ್ಲ. ದೇಹವು ಹೊಸ ಅಂಗವನ್ನು ಪರಕೀಯವೆಂದು ತಿರಸ್ಕರಿಸುವ ಗುಣದಿಂದಾಗಿ 1970ರ ದಶಕದಲ್ಲಿ ಹಲವು ಆಸ್ಪತ್ರೆಗಳು ಹೃದಯ ಕಸಿಯನ್ನೇ ಕೈಬಿಟ್ಟಿದ್ದವು. ನಾರ್ವೆ ದೇಶದ ಮಣ್ಣಿನ ಶಿಲೀಂಧ್ರವೊಂದರಿಂದ ದೊರೆತ ಸೈಕ್ಲೋಸ್ಪೊರಿನ್ ಎಂಬ ಔಷಧಿ 1980ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ಕಸಿಗೆ ಮರುಜೀವ ಬಂತು. ಭಾರತದಲ್ಲಿ 1994ರ ಆಗಸ್ಟ್ 3ರಂದು ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಡಾ. ಪಿ. ವೇಣುಗೋಪಾಲ್ ಅವರ ತಂಡವು ಮೊದಲ ಯಶಸ್ವಿ ಹೃದಯ ಕಸಿಯನ್ನು ನಡೆಸಿತು. ಅಂಗಾಂಗ ಕಸಿಯ ಕಾನೂನು ರೂಪುಗೊಂಡದ್ದೂ ಅದೇ ವರ್ಷ. ನೆದರ್ಲೆಂಡ್ಸ್‌ನ ಬರ್ಟ್ ಯಾನ್ಸೆನ್ ಎಂಬುವರು 1984ರಲ್ಲಿ ಕಸಿ ಮಾಡಿಸಿಕೊಂಡು 39 ವರ್ಷಗಳನ್ನು ದಾಟಿ ಬದುಕಿದ್ದು ಗಿನ್ನೆಸ್ ದಾಖಲೆಯಾಗಿದೆ. ಬ್ಲೈಬರ್ಗ್ ಅವರ 19 ತಿಂಗಳಿಗೂ ಯಾನ್ಸೆನ್ ಅವರ 39 ವರ್ಷಗಳಿಗೂ ನಡುವಿನ ಅಂತರವನ್ನು ತುಂಬಿದ್ದು ಉತ್ತಮ ಔಷಧಿಗಳು ಹಾಗೂ ದಿನನಿತ್ಯದ ಜಾಗರೂಕತೆ.

ಹೃದಯ ಹೊಸದು, ರಕ್ತದೊತ್ತಡ ಏಕೆ ಏರುತ್ತದೆ?

ಹೃದಯವೇ ಬದಲಾದ ಮೇಲೆ ಬಿ.ಪಿ.ಯ ಗೊಡವೆ ಇನ್ನೇಕೆ ಎಂದು ಅನೇಕರು ಕೇಳುತ್ತಾರೆ. ವಾಸ್ತವ ಬೇರೆ. ಕಸಿಯ ಮೊದಲು ದುರ್ಬಲ ಹೃದಯದಿಂದಾಗಿ ರಕ್ತದೊತ್ತಡ ತೀರ ಕಡಿಮೆಯಿದ್ದವರಿಗೂ ಕಸಿಯ ನಂತರ ಅದು ಏರುವುದುಂಟು. ಐದು ವರ್ಷ ಕಳೆಯುವಷ್ಟರಲ್ಲಿ ಬಹುಪಾಲು ಜನರಿಗೆ ಇದಕ್ಕಾಗಿ ಮಾತ್ರೆ ಬೇಕಾಗುತ್ತದೆ. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು, ಹೃದಯವನ್ನು ಉಳಿಸುವ ಔಷಧಿಗಳೇ. ಟ್ಯಾಕ್ರೋಲಿಮಸ್ ಮತ್ತು ಸೈಕ್ಲೋಸ್ಪೊರಿನ್ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ಹೊಸ ಹೃದಯವನ್ನು ತಿರಸ್ಕಾರದಿಂದ ಕಾಪಾಡುತ್ತವೆ. ಆದರೆ ಅವು ಮೂತ್ರಪಿಂಡಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳನ್ನು ಬಿಗಿಗೊಳಿಸುತ್ತವೆ. ದೇಹದಲ್ಲಿ ಉಪ್ಪು ಉಳಿಯುವಂತೆ ಮಾಡುತ್ತವೆ. ಈ ದೋಷ ಸೈಕ್ಲೋಸ್ಪೊರಿನ್‌ನಲ್ಲಿ ಹೆಚ್ಚು, ಟ್ಯಾಕ್ರೋಲಿಮಸ್‌ನಲ್ಲಿ ತುಸು ಕಡಿಮೆ. ಎರಡನೆಯದು, ಮೊದಲ ತಿಂಗಳುಗಳಲ್ಲಿ ಹೆಚ್ಚಾಗಿ ಕೊಡುವ ಪ್ರೆಡ್ನಿಸೊಲೊನ್‌ನಂಥ ಸ್ಟೀರಾಯ್ಡ್. ಇದರಿಂದ ಹಸಿವು ಹೆಚ್ಚುತ್ತದೆ, ತೂಕ ಏರುತ್ತದೆ, ನೀರು ಮತ್ತು ಉಪ್ಪು ದೇಹದಲ್ಲಿ ನಿಲ್ಲುತ್ತವೆ, ಸಕ್ಕರೆಯ ಪ್ರಮಾಣವೂ ಹೆಚ್ಚಬಹುದು.

ಮೂರನೆಯ ಕಾರಣವು ಸೂಕ್ಷ್ಮವಾದುದು. ಶಸ್ತ್ರಚಿಕಿತ್ಸೆಯಲ್ಲಿ ರಕ್ತನಾಳಗಳನ್ನು ಹೊಲಿದು ಜೋಡಿಸಬಹುದು. ಹೃದಯಕ್ಕೂ ಮಿದುಳಿಗೂ ನಡುವೆ ಸಂದೇಶ ಒಯ್ಯುವ ನರಗಳನ್ನು ಜೋಡಿಸಲಾಗದು. ದೇಹದಲ್ಲಿ ನೀರು ಹೆಚ್ಚಾದಾಗ ಸಹಜ ಹೃದಯವು ಹಿಗ್ಗಿ, ಆ ಸುದ್ದಿಯನ್ನು ನರಗಳ ಮೂಲಕ ಮುಟ್ಟಿಸಿ, ಮೂತ್ರಪಿಂಡಗಳು ಹೆಚ್ಚಿನ ಉಪ್ಪು ನೀರನ್ನು ಹೊರಹಾಕುವಂತೆ ಮಾಡುತ್ತದೆ. ನರಗಳು ಕಡಿದುಹೋದ ಹೃದಯದಿಂದ ಈ ಸುದ್ದಿ ಹೋಗುವುದಿಲ್ಲ. ಆದ್ದರಿಂದ ಕಸಿಯಾದವರ ರಕ್ತದೊತ್ತಡವು ಉಪ್ಪಿಗೆ ಬೇಗ ಸ್ಪಂದಿಸುತ್ತದೆ. ಅವರ ನಾಡಿ ವಿಶ್ರಾಂತಿಯಲ್ಲಿಯೂ ನಿಮಿಷಕ್ಕೆ 90ರಿಂದ 110ರವರೆಗೆ ಇರುವುದಕ್ಕೂ ಇದೇ ಕಾರಣ, ಅದಕ್ಕೆ ಗಾಬರಿಯಾಗಬೇಕಿಲ್ಲ. ಸಾಮಾನ್ಯವಾಗಿ ನಿದ್ರೆಯಲ್ಲಿ ಎಲ್ಲರ ರಕ್ತದೊತ್ತಡವೂ ಇಳಿಯುತ್ತದೆ. ಕಸಿಯಾದ ಅನೇಕರಲ್ಲಿ ಈ ಇಳಿತ ಕಾಣುವುದಿಲ್ಲ. ಹಗಲಿನ ಭಾರವೇ ರಾತ್ರಿಯೂ ರಕ್ತನಾಳಗಳ ಮೇಲೆ ಉಳಿಯುತ್ತದೆ. ಹಗಲು ಆಸ್ಪತ್ರೆಯಲ್ಲಿ ನೋಡಿದ ಅಂಕಿ ಚೆನ್ನಾಗಿದ್ದರೂ ವೈದ್ಯರು ಕೆಲವೊಮ್ಮೆ 24 ಗಂಟೆಗಳ ಬಿ.ಪಿ. ಯಂತ್ರವನ್ನು ತೋಳಿಗೆ ಕಟ್ಟಿ ಕಳುಹಿಸುವುದು ಇದಕ್ಕಾಗಿಯೇ.

ಸದ್ದಿಲ್ಲದೆ ಕಿರಿದಾಗುವ ನಾಳಗಳು

ಸಾಮಾನ್ಯ ಹೃದ್ರೋಗದಲ್ಲಿ ರಕ್ತನಾಳದ ಒಂದೆರಡು ಕಡೆ ಕೊಬ್ಬು ಗಂಟುಕಟ್ಟಿ ತಡೆಯಾಗುತ್ತದೆ. ಕಾಲುವೆಗೆ ಒಂದು ಕಡೆ ಕಲ್ಲು ಬಿದ್ದಂತೆ ಅದು. ಸ್ಟೆಂಟ್ ಹಾಕಿ ತೆರೆಯಬಹುದು, ಬೈಪಾಸ್ ಮಾಡಬಹುದು. ಕಸಿಯಾದ ಹೃದಯದ ಕಾಯಿಲೆ ಹಾಗಲ್ಲ. ನಾಳದ ಒಳಪದರವು ಬುಡದಿಂದ ತುದಿಯವರೆಗೆ, ಸಣ್ಣ ಕವಲುಗಳಲ್ಲಿಯೂ, ಸುತ್ತಲೂ ಸಮನಾಗಿ ದಪ್ಪವಾಗುತ್ತ ಬರುತ್ತದೆ. ಕಾಲುವೆಯ ಉದ್ದಕ್ಕೂ ಹೂಳು ತುಂಬಿದರೆ ಎಲ್ಲಿ ಅಗೆಯುವುದು? ಆದ್ದರಿಂದಲೇ ಇಲ್ಲಿ ಸ್ಟೆಂಟ್ ಮತ್ತು ಬೈಪಾಸ್‌ಗಳ ಪ್ರಯೋಜನ ಸೀಮಿತ. ತೀರ ಮುಂದುವರಿದಾಗ ಉಳಿಯುವ ದಾರಿ ಮತ್ತೊಂದು ಕಸಿ. ಅದು ಎಲ್ಲರಿಗೂ ದೊರೆಯುವಂಥದಲ್ಲ.

ಅಂತರರಾಷ್ಟ್ರೀಯ ದಾಖಲೆಗಳ ಪ್ರಕಾರ ಕಸಿಯಾದ 5 ವರ್ಷಗಳಲ್ಲಿ ಸುಮಾರು ಶೇ. 30ರಷ್ಟು ಜನರಲ್ಲಿಯೂ, 10 ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿಯೂ ಈ ಬದಲಾವಣೆ ಕಾಣಿಸಿಕೊಳ್ಳುತ್ತದೆ. ರೋಗನಿರೋಧಕ ಶಕ್ತಿಯು ದಾನಿಯ ಹೃದಯದ ರಕ್ತನಾಳಗಳ ಒಳಪದರವನ್ನು ಮೆಲ್ಲಗೆ ಕೆಣಕುತ್ತಿರುವುದು ಇದರ ಮೂಲ. ಅದಕ್ಕೆ ಅಧಿಕ ರಕ್ತದೊತ್ತಡ, ಕೊಲೆಸ್ಟರಾಲ್, ಸಕ್ಕರೆ ಕಾಯಿಲೆ, ಧೂಮಪಾನ, ಕೆಲವು ವೈರಾಣು ಸೋಂಕುಗಳು ಕೂಡಿಕೊಂಡರೆ ಗಾಯ ಬೇಗ ಬಲಿಯುತ್ತದೆ. ರೋಗನಿರೋಧಕ ಶಕ್ತಿಯ ಕೆಣಕನ್ನು ಪೂರ್ತಿ ನಿಲ್ಲಿಸುವುದು ಕಷ್ಟ. ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು ನಮ್ಮ ಕೈಯಲ್ಲಿರುವ ಕೆಲಸ.

ಇಲ್ಲಿಯೇ ಎಲ್ಲಕ್ಕಿಂತ ಮುಖ್ಯವಾದ ಮಾತು ಬರುತ್ತದೆ. ನರಗಳ ಸಂಪರ್ಕವಿಲ್ಲದ ಹೃದಯಕ್ಕೆ ರಕ್ತದ ಕೊರತೆಯಾದರೂ ಎದೆನೋವು ಬಾರದಿರಬಹುದು. ನಮ್ಮಲ್ಲಿ ಹೃದಯಾಘಾತವೆಂದರೆ ಎದೆ ಹಿಡಿದುಕೊಂಡು ಕುಸಿಯುವುದು ಎಂಬ ಕಲ್ಪನೆ ಬಲವಾಗಿದೆ. ಕಸಿಯಾದವರಲ್ಲಿ ಅಂಥ ಮುನ್ಸೂಚನೆಯನ್ನು ಕಾಯುತ್ತ ಕೂರುವಂತಿಲ್ಲ. ಮೊದಲಿಗಿಂತ ಬೇಗ ಬರುವ ಆಯಾಸ, ಮೆಟ್ಟಿಲು ಹತ್ತುವಾಗ ಏದುಸಿರು, ಕಾಲು ಊತ, ನಾಡಿಯ ತಾಳ ತಪ್ಪುವುದು, ಎರಡು ಮೂರು ದಿನಗಳಲ್ಲಿ ತೂಕ ಏರುವುದು, ತಲೆ ತಿರುಗಿ ಬೀಳುವಂತಾಗುವುದು, ಇವೇ ಅದರ ಸಂಕೇತಗಳು. “ನೋವೇನೂ ಇಲ್ಲವಲ್ಲ” ಎಂದು ಸುಮ್ಮನಿರುವುದು ಇಲ್ಲಿ ಅಪಾಯಕಾರಿ. ನೋವು ಹೇಳಲಾರದ ಈ ಹೃದಯದ ಪರವಾಗಿ ಮಾತನಾಡುವುವು ಬಿ.ಪಿ. ಪುಸ್ತಕದ ಅಂಕಿಗಳು, ರಕ್ತಪರೀಕ್ಷೆಯ ವರದಿಗಳು, ವರ್ಷಕ್ಕೊಮ್ಮೆಯ ಆಂಜಿಯೋಗ್ರಾಮ್. ಚೆನ್ನಾಗಿದ್ದೇನೆಂಬ ಕಾರಣಕ್ಕೆ ಇವುಗಳನ್ನು ಮುಂದೂಡಬಾರದು.

ವೈದ್ಯರು ಏನು ಮಾಡುತ್ತಾರೆ?

ಹೆಚ್ಚಿನವರಲ್ಲಿ ರಕ್ತದೊತ್ತಡವನ್ನು 130/80ಕ್ಕಿಂತ ಕೆಳಗಿಡುವುದು ಗುರಿ. ಯಾರಿಗೆ ಯಾವ ಮಾತ್ರೆ ಎಂಬುದನ್ನು ಕಸಿ ತಂಡವೇ ನಿರ್ಧರಿಸಬೇಕು. ಆದರೂ ಮನೆಯವರಿಗೆ ತಿಳಿದಿರಬೇಕಾದ ಕೆಲವು ವಿಷಯಗಳಿವೆ. ಅಮ್ಲೊಡಿಪಿನ್‌ನಂಥ ಮಾತ್ರೆಗಳು ನಾಳಗಳನ್ನು ಸಡಿಲಿಸುತ್ತವೆ. ಕೆಲವರಿಗೆ ಇದರಿಂದ ಪಾದ ಊದಿಕೊಳ್ಳುತ್ತದೆ. ಡಿಲ್ಟಿಯಾಜೆಮ್ ಎಂಬ ಮಾತ್ರೆಯು ರಕ್ತದಲ್ಲಿ ಟ್ಯಾಕ್ರೋಲಿಮಸ್ ಪ್ರಮಾಣವನ್ನು ಹೆಚ್ಚಿಸುತ್ತದೆ. ಅದನ್ನು ತಾವಾಗಿ ಆರಂಭಿಸಿದರೂ ಕಷ್ಟ, ನಿಲ್ಲಿಸಿದರೂ ಕಷ್ಟ. ಎನಲಪ್ರಿಲ್, ಟೆಲ್ಮಿಸಾರ್ಟನ್ ಮುಂತಾದವು ಸಕ್ಕರೆ ಕಾಯಿಲೆಯಿದ್ದವರ ಮೂತ್ರಪಿಂಡಗಳಿಗೆ ಒಳ್ಳೆಯವು; ಆದರೆ ಅವುಗಳಿಂದ ಪೊಟ್ಯಾಸಿಯಂ ಏರಬಹುದಾದ್ದರಿಂದ ಆಗಾಗ ರಕ್ತಪರೀಕ್ಷೆ ಬೇಕು. ನೆರೆಯವರಿಗೆ ಒಗ್ಗಿದ ಬಿ.ಪಿ. ಮಾತ್ರೆ ನಮಗೂ ಆದೀತೆಂದು ಔಷಧಿ ಅಂಗಡಿಯಲ್ಲಿ ಕೇಳಿ ಪಡೆಯುವ ಅಭ್ಯಾಸ ಇಲ್ಲಿ ಸಲ್ಲದು.

ರಕ್ತನಾಳಗಳ ರಕ್ಷಣೆಗಾಗಿ ಸ್ಟ್ಯಾಟಿನ್ ಜಾತಿಯ ಮಾತ್ರೆಯನ್ನು, ಕೊಲೆಸ್ಟರಾಲ್ ಅಂಕಿ ಚೆನ್ನಾಗಿದ್ದರೂ, ಕಸಿಯಾದ ಬಹುತೇಕ ಎಲ್ಲರಿಗೂ ಕೊಡುತ್ತಾರೆ. 1995ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ವೈದ್ಯರು ಪ್ರಕಟಿಸಿದ ಅಧ್ಯಯನವು, ಪ್ರಾವಸ್ಟ್ಯಾಟಿನ್ ಪಡೆದವರು ಒಂದು ವರ್ಷದಲ್ಲಿ ಹೆಚ್ಚು ಸಂಖ್ಯೆಯಲ್ಲಿ ಬದುಕುಳಿದದ್ದನ್ನೂ ಅವರ ನಾಳಗಳು ಕಡಿಮೆ ದಪ್ಪವಾದದ್ದನ್ನೂ ತೋರಿಸಿತು. “ನನಗೆ ಕೊಲೆಸ್ಟರಾಲ್ ಇಲ್ಲ, ಈ ಮಾತ್ರೆ ಏಕೆ?” ಎಂದು ಬಿಡುವವರು ಇದನ್ನು ಗಮನಿಸಬೇಕು. ಸ್ಟ್ಯಾಟಿನ್ ಸೇವಿಸುವಾಗ ಕಾರಣವಿಲ್ಲದೆ ಮೈಕೈ ಸ್ನಾಯು ನೋವು ಬಂದರೆ, ಮೂತ್ರದ ಬಣ್ಣ ಕಡುವಾದರೆ ಕೂಡಲೇ ತಿಳಿಸಬೇಕು. ನಾಳಗಳು ಕಿರಿದಾಗುವ ಲಕ್ಷಣ ಕಂಡವರಿಗೆ ಎವರೊಲಿಮಸ್ ಅಥವಾ ಸಿರೊಲಿಮಸ್ ಎಂಬ ಔಷಧಿಗಳಿಗೆ ಬದಲಾಯಿಸಿ ಆ ವೇಗವನ್ನು ತಗ್ಗಿಸುವ ಪ್ರಯತ್ನವೂ ಇದೆ.

ಮನೆಯಲ್ಲಿ ಬಿ.ಪಿ. ನೋಡುವ ಕ್ರಮ

ತೋಳಿಗೆ ಕಟ್ಟುವ ಯಂತ್ರವೊಂದು ಮನೆಯಲ್ಲಿರಲಿ; ಪಟ್ಟಿಯು ತೋಳಿನ ಗಾತ್ರಕ್ಕೆ ಸರಿಹೊಂದಬೇಕು. ಬೆಳಿಗ್ಗೆ ಮಾತ್ರೆಗೆ ಮುಂಚೆ ಒಮ್ಮೆ, ಸಂಜೆ ಒಮ್ಮೆ ನೋಡುವುದು ಒಳ್ಳೆಯದು. ಕಾಫಿ ಕುಡಿದ ಅರ್ಧ ಗಂಟೆಯೊಳಗೆ ನೋಡಬಾರದು. ಕುರ್ಚಿಗೆ ಬೆನ್ನು ಆನಿಸಿ, ಪಾದಗಳನ್ನು ನೆಲಕ್ಕೆ ಊರಿ, 5 ನಿಮಿಷ ಮೌನವಾಗಿ ಕುಳಿತು, ತೋಳನ್ನು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಿಸಿ ನೋಡಬೇಕು. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ ಎರಡೂ ಅಂಕಿಗಳನ್ನು ದಿನಾಂಕದೊಡನೆ ಬರೆದಿಡಬೇಕು. ಇಷ್ಟಲಿಂಗ ಪೂಜೆಗೆ ಕೂರುವ ಹೊತ್ತು ಮನೆಯಲ್ಲಿ ನಿಯತವಾಗಿರುತ್ತದೆ. ಪೂಜೆ ಮುಗಿದು ಮನಸ್ಸು ಶಾಂತವಾಗಿರುವ ಆ ಹೊತ್ತಿಗೇ ಈ ಕೆಲಸವನ್ನು ಸೇರಿಸಿಕೊಂಡರೆ ಮರೆವಿಗೆ ಎಡೆಯಿರದು.

ಒಂದು ದಿನದ ಹೆಚ್ಚಳಕ್ಕೆ ಅಂಜಬೇಕಿಲ್ಲ. ವಾರವಿಡೀ ಗುರಿಗಿಂತ ಮೇಲಿದ್ದರೆ ಕಸಿ ತಂಡಕ್ಕೆ ತಿಳಿಸಬೇಕು. 180/120 ದಾಟಿದ್ದು, ಜೊತೆಗೆ ತೀವ್ರ ತಲೆನೋವು, ದೃಷ್ಟಿ ಮಂಜು, ಗೊಂದಲ ಅಥವಾ ಫಿಟ್ಸ್ ಕಂಡರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಟ್ಯಾಕ್ರೋಲಿಮಸ್‌ನಂಥ ಔಷಧಿ ಪಡೆಯುವವರಲ್ಲಿ ರಕ್ತದೊತ್ತಡ ಹಠಾತ್ತನೆ ಏರಿದರೆ ಮಿದುಳಿಗೆ ಬಾವು ಬರುವ ಅಪಾಯವಿದೆ.

ಅಡುಗೆಮನೆಯಲ್ಲಿ

ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಅದು ಒಂದು ಸಣ್ಣ ಚಮಚದಷ್ಟು; ಅಡುಗೆ, ಚಟ್ನಿ, ಮಜ್ಜಿಗೆ, ತಿಂಡಿ ಎಲ್ಲ ಸೇರಿ. ನಮ್ಮ ಊಟದ ಸೊಗಸೆಲ್ಲ ಬದಿಗಿಡುವ ಪದಾರ್ಥಗಳಲ್ಲಿದೆ: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಶೇಂಗಾ ಮತ್ತು ಗುರೆಳ್ಳು ಚಟ್ನಿಪುಡಿ. ಉಪ್ಪು ಅಡಗಿರುವುದು ಇವುಗಳಲ್ಲಿಯೇ. ಊರಿನಿಂದ ತಾಯಿ ಕಳುಹಿಸಿದ ಉಪ್ಪಿನಕಾಯಿಯ ಭರಣಿಯನ್ನು ಒಲ್ಲೆನ್ನುವುದು ಯಾರಿಗೂ ಸುಲಭವಲ್ಲ. ಚಟ್ನಿಪುಡಿಯನ್ನು ಉಪ್ಪಿಲ್ಲದೆ ಕುಟ್ಟಿಸಿಕೊಂಡು ಹುಣಸೆ, ಬೆಳ್ಳುಳ್ಳಿ, ಕರಿಬೇವಿನಿಂದ ರುಚಿ ತರಬಹುದು. ಜೋಳದ ರೊಟ್ಟಿಗೆ ಉಪ್ಪು ಬೇಕೇ ಇಲ್ಲ. ಬೇಯಿಸಿದ ಕಾಳುಪಲ್ಯ, ಸೊಪ್ಪಿನ ಪಲ್ಯಗಳೊಡನೆ ಅದು ರಕ್ತನಾಳಗಳಿಗೆ ಒಪ್ಪುವ ಊಟ.

ಇಲ್ಲಿ ಮೂರು ಎಚ್ಚರಿಕೆಗಳನ್ನು ಪ್ರತ್ಯೇಕವಾಗಿ ಹೇಳಬೇಕು. ಸಾಧಾರಣ ಬಿ.ಪಿ. ರೋಗಿಗೆ ಒಳ್ಳೆಯದಾದದ್ದು ಕಸಿಯಾದವರಿಗೆ ಕೆಡುಕಾಗುವ ಸಂದರ್ಭಗಳಿವು.

ಮೊದಲನೆಯದು, ಸೋಡಿಯಂ ಕಡಿಮೆಯಿರುವ ಉಪ್ಪೆಂದು ಅಂಗಡಿಗಳಲ್ಲಿ ಮಾರುವ ಉಪ್ಪು. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಟ್ಯಾಕ್ರೋಲಿಮಸ್ ಸೇವಿಸುವವರಲ್ಲಿ ಪೊಟ್ಯಾಸಿಯಂ ಮೊದಲೇ ಏರುವ ಸಂಭವವಿದ್ದು, ಅದು ಮಿತಿಮೀರಿದರೆ ಹೃದಯದ ತಾಳವೇ ಕೆಡುತ್ತದೆ. ಎಳನೀರಿನಲ್ಲಿಯೂ ಪೊಟ್ಯಾಸಿಯಂ ಹೇರಳ. ದಣಿವಿಗೆ ಎಳನೀರು ಅಮೃತವೆಂಬುದು ನಿಜವಾದರೂ ಇವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಎರಡನೆಯದು, ಚಕ್ಕೋತ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ. ಆದರೆ ಗ್ರೇಪ್‌ಫ್ರೂಟ್ ಮತ್ತು ಚಕ್ಕೋತಗಳು ಕರುಳಿನಲ್ಲಿ ಔಷಧಿಯನ್ನು ಕರಗಿಸುವ ಕಿಣ್ವವನ್ನು ತಡೆದು, ರಕ್ತದಲ್ಲಿ ಟ್ಯಾಕ್ರೋಲಿಮಸ್ ಪ್ರಮಾಣವನ್ನು ಹೆಚ್ಚಿಸಬಲ್ಲವು. ಪರಿಣಾಮವಾಗಿ ಮೂತ್ರಪಿಂಡಕ್ಕೆ ಪೆಟ್ಟು, ರಕ್ತದೊತ್ತಡ ಏರಿಕೆ. ಇವೆರಡನ್ನೂ ಬಿಡುವುದು ಕ್ಷೇಮ.

ಮೂರನೆಯದು, ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಷಾಯಗಳು. ಕೋವಿಡ್ ಕಾಲದಿಂದ ಅಮೃತಬಳ್ಳಿ, ಅಶ್ವಗಂಧಗಳ ಬಳಕೆ ಮನೆಮನೆಯಲ್ಲಿ ಹೆಚ್ಚಿದೆ. ಕಸಿಯಾದವರಲ್ಲಿ ಆ ಶಕ್ತಿಯನ್ನು ಔಷಧಿಯಿಂದ ಬೇಕೆಂದೇ ತಗ್ಗಿಸಿರುತ್ತಾರೆ. ಅದನ್ನು ಕೆರಳಿಸುವುದೆಂದರೆ ಹೊಸ ಹೃದಯದ ಮೇಲೆ ದೇಹವನ್ನೇ ಎತ್ತಿಕಟ್ಟಿದಂತೆ. ಪ್ರೀತಿಯಿಂದ ಕಷಾಯ ಕಾಯಿಸುವ ಹಿರಿಯರು ಇದನ್ನು ಅರಿಯಬೇಕು. ಮೊಣಕಾಲು ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳನ್ನು ನುಂಗುವುದೂ ರಕ್ತದೊತ್ತಡವನ್ನು ಏರಿಸಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಕೆಲವು ಆ್ಯಂಟಿಬಯಾಟಿಕ್‌ಗಳು ಟ್ಯಾಕ್ರೋಲಿಮಸ್ ಪ್ರಮಾಣವನ್ನು ಏರಿಸುತ್ತವೆ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ತೀರ ಇಳಿಸುತ್ತದೆ. ಯಾವ ಹೊಸ ಔಷಧಿಯಾದರೂ ಕಸಿ ತಂಡವನ್ನು ಕೇಳದೆ ಬೇಡ.

ಮಾರತ್ತಹಳ್ಳಿಯ ದಿನಚರಿಯಲ್ಲಿ

ಕಸಿಯ ನಂತರ ಅನೇಕರು ಉದ್ಯೋಗಕ್ಕೆ ಮರಳುತ್ತಾರೆ. ಅದು ಸಂತೋಷದ ವಿಷಯ. ಕಾಯಕವಿಲ್ಲದ ದಿನ ಶರಣರಿಗೆ ಒಪ್ಪಿತವಲ್ಲ. ಆದರೆ ಹೊರವರ್ತುಲ ರಸ್ತೆಯ ಜೀವನಕ್ಕೆ ತನ್ನದೇ ತೊಡಕುಗಳಿವೆ. ಅಮೆರಿಕದ ಹೊತ್ತಿಗೆ ಹೊಂದಿಕೊಂಡ ರಾತ್ರಿ ಪಾಳಿ, ಮಾರತ್ತಹಳ್ಳಿ ಸೇತುವೆಯ ಬಳಿ ನಿಂತೇ ಹೋಗುವ ವಾಹನಗಳು, ಮೊಬೈಲ್‌ನಲ್ಲಿ ತರಿಸುವ ಊಟ, ಕುರ್ಚಿಯಲ್ಲಿಯೇ ಕಳೆಯುವ ಹತ್ತು ಗಂಟೆ.

ಟ್ಯಾಕ್ರೋಲಿಮಸ್ ಮಾತ್ರೆಯನ್ನು ಸಾಮಾನ್ಯವಾಗಿ 12 ಗಂಟೆಗಳ ಅಂತರದಲ್ಲಿ ಎರಡು ಬಾರಿ ತೆಗೆದುಕೊಳ್ಳಬೇಕು. ರಾತ್ರಿ 8ಕ್ಕೆ ಮನೆ ಸೇರುವೆನೆಂದು ಹೊರಟವರು 9 ಗಂಟೆಗೂ ಕಾರಿನಲ್ಲಿಯೇ ಇರಬಹುದು. ಆದ್ದರಿಂದ ಒಂದು ದಿನದ ಮಾತ್ರೆಗಳು ಯಾವಾಗಲೂ ಚೀಲದಲ್ಲಿರಲಿ, ಮೊಬೈಲ್‌ನಲ್ಲಿ ಎಚ್ಚರಿಕೆಯ ಗಂಟೆಯಿರಲಿ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡನ್ನು ಒಟ್ಟಿಗೆ ನುಂಗದೆ ಕಸಿ ತಂಡವನ್ನು ಕೇಳಬೇಕು. ರಕ್ತದಲ್ಲಿ ಔಷಧಿಯ ಪ್ರಮಾಣ ನೋಡುವ ದಿನ ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆಯೇ ಸೇವಿಸಬೇಕು. ಮೊದಲೇ ನುಂಗಿ ಹೋದರೆ ಅಂಕಿ ತಪ್ಪಾಗಿ ಬಂದು ಪ್ರಮಾಣವೂ ತಪ್ಪಾಗುತ್ತದೆ.

ರಾತ್ರಿ ಪಾಳಿಯನ್ನು ಸಾಧ್ಯವಾದಷ್ಟು ತಪ್ಪಿಸಿಕೊಳ್ಳುವುದು ಲೇಸು. ನಿದ್ರೆಯಲ್ಲಿ ಇಳಿಯಲು ಮೊದಲೇ ಹಿಂಜರಿಯುವ ರಕ್ತದೊತ್ತಡಕ್ಕೆ ನಿದ್ರೆಗೆಟ್ಟ ರಾತ್ರಿಗಳು ಮತ್ತಷ್ಟು ಭಾರ. ಆಸ್ಪತ್ರೆಯ ಚೀಟಿ ತೋರಿಸಿ ಹಗಲು ಪಾಳಿಯನ್ನು ಕೇಳುವುದಕ್ಕೆ ಸಂಕೋಚ ಬೇಡ. ಜೋರಾದ ಗೊರಕೆಯಿದ್ದು ಹಗಲು ತೂಕಡಿಕೆ ಬರುವವರು ನಿದ್ರೆಯಲ್ಲಿ ಉಸಿರು ನಿಲ್ಲುವ ತೊಂದರೆ ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು.

ನಡಿಗೆ ಅತ್ಯುತ್ತಮ ವ್ಯಾಯಾಮ. ನರಗಳಿಲ್ಲದ ಹೃದಯವು ರಕ್ತದಲ್ಲಿ ಬರುವ ಅಡ್ರಿನಲಿನ್‌ಗಾಗಿ ಕಾದು ನಿಧಾನವಾಗಿ ವೇಗ ಪಡೆಯುತ್ತದೆ, ನಿಧಾನವಾಗಿಯೇ ಇಳಿಯುತ್ತದೆ. ಹೊರಟೊಡನೆ ಬಿರುಸಾಗಿ ನಡೆದರೆ ತಲೆ ಸುತ್ತಬಹುದು. ಮೊದಲ 5ರಿಂದ 10 ನಿಮಿಷ ಮೆಲ್ಲಗೆ, ನಡುವೆ ಚುರುಕಾಗಿ, ಕೊನೆಗೆ ಮತ್ತೆ ಮೆಲ್ಲಗೆ ನಡೆದು ನಿಲ್ಲಬೇಕು. ನಾಡಿ ಎಣಿಸುವುದಕ್ಕಿಂತ, ಮಾತನಾಡುತ್ತ ನಡೆಯಲು ಸಾಧ್ಯವೇ ಎಂಬುದೇ ಇವರಿಗೆ ಒಳ್ಳೆಯ ಅಳತೆ.

ಕಸಿಯಾದ ಹೃದಯವೆಂದು ಬರೆದ ಚೀಟಿಯೊಂದು ಸದಾ ಜೇಬಿನಲ್ಲಿರಲಿ. ಅಪಘಾತವಾಗಿ ಬೇರೆ ಆಸ್ಪತ್ರೆಗೆ ಸೇರಿಸಿದರೆ ಅಲ್ಲಿನ ವೈದ್ಯರಿಗೆ ಇದು ಮೊದಲು ತಿಳಿಯಬೇಕು. ನಾಡಿಯನ್ನು ಏರಿಸಲು ಸಾಮಾನ್ಯವಾಗಿ ಕೊಡುವ ಆಟ್ರೊಪಿನ್ ಚುಚ್ಚುಮದ್ದು ನರಗಳಿಲ್ಲದ ಹೃದಯದ ಮೇಲೆ ಕೆಲಸ ಮಾಡುವುದಿಲ್ಲ.

ವ್ರತ, ಪ್ರಸಾದ, ಪಾದೋದಕ

ಭಕ್ತರಲ್ಲಿ ಏಳುವ ಸಂದೇಹಗಳಿಗೂ ಉತ್ತರ ಹೇಳಬೇಕು. ಶಿವರಾತ್ರಿಯ ನಿರಾಹಾರ, ಶ್ರಾವಣ ಸೋಮವಾರದ ಒಪ್ಪೊತ್ತು ಕಸಿಯಾದವರಿಗೆ ತಕ್ಕುದಲ್ಲ. ನೀರು ಕುಡಿಯದೆ ಇದ್ದರೆ ಮೂತ್ರಪಿಂಡಗಳು ದಣಿಯುತ್ತವೆ; ಮಾತ್ರೆ ತಪ್ಪಿದರೆ ಹೃದಯಕ್ಕೇ ಅಪಾಯ. ಹೊತ್ತಿಗೆ ಸರಿಯಾಗಿ ಮಾತ್ರೆ ಸೇವಿಸಿ, ಮಿತವಾಗಿ ಉಂಡು, ಶಾಂತಚಿತ್ತದಿಂದ ಲಿಂಗಪೂಜೆ ಮಾಡುವುದೇ ಇವರ ವ್ರತವಾಗಲಿ. ಜಾಗರಣೆಯನ್ನು ಮನೆಯ ಉಳಿದವರು ನಡೆಸಲಿ.

ದಾಸೋಹದ ಪ್ರಸಾದವನ್ನು ಬಿಸಿಯಾಗಿರುವಾಗಲೇ ಸ್ವೀಕರಿಸಬಹುದು. ಉಪ್ಪಿನಕಾಯಿ, ಹಪ್ಪಳಗಳನ್ನು ಬಡಿಸುವ ಮೊದಲೇ ವಿನಯದಿಂದ ಬೇಡವೆನ್ನಬೇಕು. ಬಡಿಸಿಕೊಂಡು ಬಿಡುವುದಕ್ಕಿಂತ ಅದೇ ಪ್ರಸಾದಕ್ಕೆ ತೋರುವ ಗೌರವ. ಹಸಿ ಕೋಸಂಬರಿ, ಹೆಚ್ಚಿಟ್ಟ ಹಣ್ಣು, ಕಾಯಿಸದ ಹಾಲಿನ ಪದಾರ್ಥಗಳಿಂದ ಸೋಂಕು ತಗಲಬಹುದು. ವಾಂತಿ ಭೇದಿಯಾದರೆ ರಕ್ತದಲ್ಲಿ ಔಷಧಿಯ ಪ್ರಮಾಣವೇ ಏರುಪೇರಾಗುತ್ತದೆ. ಪಾದೋದಕಕ್ಕೆ ಕುದಿಸಿ ಆರಿಸಿದ ನೀರನ್ನು ಬಳಸಿದರೆ ಆಚರಣೆಗೂ ಲೋಪವಿಲ್ಲ, ಆರೋಗ್ಯಕ್ಕೂ ತೊಡಕಿಲ್ಲ. ಜಾತ್ರೆ, ರಥೋತ್ಸವಗಳ ನೂಕುನುಗ್ಗಲಿನಲ್ಲಿ ಮುಖಗವಸು ಇರಲಿ.

ಕುಟುಂಬದ ಹೊಣೆ, ಸಮಾಜದ ಹೊಣೆ

ಔಷಧಿಗಳು ಜೀವನಪರ್ಯಂತ ಬೇಕು. ಅದರ ವೆಚ್ಚ ಸಣ್ಣದಲ್ಲ. ಹಣದ ಮುಗ್ಗಟ್ಟಿನಿಂದ ದಿನಕ್ಕೆ ಎರಡು ಬಾರಿಯ ಮಾತ್ರೆಯನ್ನು ಒಂದಕ್ಕೆ ಇಳಿಸಿಕೊಂಡು, ಮನೆಯವರಿಗೂ ಹೇಳದೆ ನಡೆಯುವುದು ಅತ್ಯಂತ ಅಪಾಯದ ದಾರಿ. ಕಷ್ಟವಿದ್ದರೆ ಕಸಿ ಸಂಯೋಜಕರ ಮುಂದೆ ಬಾಯಿಬಿಟ್ಟು ಹೇಳಬೇಕು. ಕಡಿಮೆ ಬೆಲೆಯ ಔಷಧಿಗೆ ಬದಲಾಯಿಸುವುದಾದರೂ ಅವರ ಸಲಹೆಯಂತೆಯೇ ಆಗಬೇಕು, ಬ್ರ್ಯಾಂಡ್ ಬದಲಾದರೆ ರಕ್ತದಲ್ಲಿನ ಪ್ರಮಾಣವನ್ನು ಮತ್ತೆ ಪರೀಕ್ಷಿಸಬೇಕು. ಬಡ ಕುಟುಂಬಗಳಿಗೆ ಅಂಗಾಂಗ ಕಸಿಗಾಗಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರ್ಕಾರದ ನೆರವೂ ಇದೆ. ಇಂಥ ಮನೆಗಳ ಔಷಧಿಗೆ ಕೈಜೋಡಿಸುವುದನ್ನು ಉಳ್ಳ ಭಕ್ತರು ದಾಸೋಹದ ಒಂದು ರೂಪವೆಂದೇ ಭಾವಿಸಬೇಕೆಂದು ನಾವು ಕೋರುತ್ತೇವೆ.

ಕೊನೆಯದಾಗಿ ದಾನದ ಮಾತು. ನಮ್ಮ ರಾಜ್ಯದಲ್ಲಿ ಮರಣಾನಂತರದ ಅಂಗಾಂಗ ಹಂಚಿಕೆಯನ್ನು ನೋಡಿಕೊಳ್ಳುವ ಸಂಸ್ಥೆ ‘ಜೀವಸಾರ್ಥಕತೆ’. ಮಿದುಳು ನಿಷ್ಕ್ರಿಯವಾಗಿದೆಯೆಂದು ನಾಲ್ವರು ವೈದ್ಯರ ಸಮಿತಿಯು, ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕೆಂಬುದು ಕಾನೂನು. ಅಂಗಗಳನ್ನು ಪಡೆದ ಬಳಿಕ ದೇಹವನ್ನು ಗೌರವದಿಂದ ಕುಟುಂಬಕ್ಕೆ ಒಪ್ಪಿಸುತ್ತಾರೆ. ಸಮಾಧಿ ಕ್ರಿಯೆಗೆ ಯಾವ ಅಡ್ಡಿಯೂ ಬಾರದು. ಪ್ರತಿಜ್ಞೆಯ ಪತ್ರಕ್ಕೆ ಸಹಿ ಹಾಕಿದರಷ್ಟೇ ಸಾಲದು. ಕೊನೆಯ ಗಳಿಗೆಯಲ್ಲಿ ಒಪ್ಪಿಗೆ ಕೊಡಬೇಕಾದವರು ಮನೆಯವರೇ ಆದ್ದರಿಂದ ನಮ್ಮ ಇಚ್ಛೆಯನ್ನು ಅವರಿಗೆ ಮೊದಲೇ ತಿಳಿಸಿರಬೇಕು.

ಕೊಡುವವರು ಕೊಟ್ಟು ಹೋಗುತ್ತಾರೆ. ಪಡೆದವರು ಪ್ರತಿದಿನ ಬೆಳಿಗ್ಗೆ ತೋಳಿಗೆ ಪಟ್ಟಿ ಕಟ್ಟಿ ನೋಡುವ ಅಂಕಿ, ಹೊತ್ತು ತಪ್ಪದೆ ಸೇವಿಸುವ ಮಾತ್ರೆ, ತಟ್ಟೆಯ ಅಂಚಿನಿಂದ ದೂರವಿಡುವ ಉಪ್ಪು, ವರ್ಷಕ್ಕೊಮ್ಮೆ ತಪ್ಪದೆ ಮಾಡಿಸುವ ಪರೀಕ್ಷೆ, ಇವೆಲ್ಲವೂ ಆ ದಾನಕ್ಕೆ ಸಲ್ಲಿಸುವ ಕೃತಜ್ಞತೆಯೇ. ಕಸಿಯಾಗಿ ಎಷ್ಟೇ ವರ್ಷಗಳಾಗಿದ್ದರೂ, ಈ ವರ್ಷದ ಆಂಜಿಯೋಗ್ರಾಮ್ ಇನ್ನೂ ಆಗಿಲ್ಲವೆಂದಾದರೆ, ಈ ಸಂಚಿಕೆಯನ್ನು ಮಡಿಚಿಡುವ ಮೊದಲು ಆಸ್ಪತ್ರೆಗೆ ದೂರವಾಣಿ ಮಾಡಿ ದಿನ ನಿಗದಿಪಡಿಸಿಕೊಳ್ಳಿ.